ತೊಳೆದ ಮಾಂಸ

ಸಗ್ಸಾಯ್ ಹೊಳೆ, ಚಳಿಗಾಲದ ಮನೆ
೯ ಅಕ್ಟೋಬರ್ ೧೯೯೫

ಕಮ್ಶಾತಳ ಅಪ್ಪನಿಗೆ,

ಕುಲ್ಜಿರಾ ಮಾಡುವ ಸಲಾಮು. ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ನೀವು ಜುಸಿಪನ ಲಾರಿಯ ಮುಂದೆ ಹಿಂದೆ ಎಲ್ಲ ನೋಡಿ ಆಗಿರುತ್ತದೆ. ನಾನು ಅದರಲ್ಲಿಲ್ಲ. ಬೈಯಿರಿ, ಆದರೆ ಕಾಗದ ಹರಿಯಬೇಡಿ. ಪೂರ್ತಿ ಓದಿ. ಸಹಿಯ ಕೆಳಗೂ ನಾಲ್ಕು ಸಾಲು ಇದೆ, ಅದನ್ನು ಬಿಡಬೇಡಿ.

ಈ ಸಲದ ಲಾರಿಯಿಂದ ನೀನು ಇಳಿಯದಿದ್ದರೆ ಅದನ್ನೇ ನಿನ್ನ ಉತ್ತರ ಅಂದುಕೊಳ್ಳುತ್ತೇನೆ ಎಂದು ಬರೆದಿದ್ದಿರಿ. ಎಷ್ಟು ಸಲ ಬಿಚ್ಚಿ ಮಡಿಸಿದೆನೋ, ಆ ಕಾಗದ ಮಡಿಕೆಯಲ್ಲೇ ಹರಿದುಹೋಗಿದೆ. ಗಡಿಯಾಚೆ ಹೋಗಿ ಎರಡು ವರ್ಷ ನನಗಾಗಿ ಕಾದಿದ್ದೀರಿ, ಇನ್ನು ಕಾಯಿರಿ ಅನ್ನಲು ನನಗೆ ಬಾಯಿಲ್ಲ. ನಿನ್ನೆ ಜುಸಿಪ್ ಚಹಾ ಕುಡಿಯುತ್ತಾ, "ಅತ್ತಿಗೆ, ಈ ಸಲಾನೂ ಕಾಗದಾನೇನಾ? ಅಣ್ಣ ಕಾಗದದ ಜೊತೆ ಸಂಸಾರ ಮಾಡಕ್ಕಾಗುತ್ತಾ?" ಎಂದ. ನಗಿಸೋಣವೆಂದೇ ಹೇಳಿದ್ದು, ಪಾಪ. ನಾನು ಬಟ್ಟಲು ತೊಳೆಯುವ ನೆಪದಲ್ಲಿ ಎದ್ದುಹೋದೆ.

ಮೊದಲು ನಿಮ್ಮ ಬೇಟೆಹಕ್ಕಿಯ ವಿಷಯ. ಹದ್ದು ಹೋಯಿತೇ ಎಂದು ಪ್ರತಿ ಕಾಗದದಲ್ಲೂ ಕೇಳಿದ್ದೀರಿ. ಬಿಟ್ಟುಬಂದೆ, ತಿರುಗಿ ಬಂತು, ಅದನ್ನು ಬಿಟ್ಟು ಹೇಗೆ ಬರಲಿ ಎಂದು ನಾನೂ ಪ್ರತಿ ಸಲ ಬರೆದಿದ್ದೇನೆ. ಬಂದದ್ದು ನಿಜ. ಯಾಕೆ ಬಂತೆಂದು ಬರೆಯಲಿಲ್ಲ.

ಹೊರಡುವಾಗ ನೀವು ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ. "ವಸಂತದಲ್ಲಿ ಬಿಡು. ಅದಕ್ಕೂ ಮೊದಲು ನಲವತ್ತು ದಿನ ರಕ್ತ ತೊಟ್ಟಿಕ್ಕೋ ಕೆಂಪು ಮಾಂಸ ಹಾಕು. ಹೊಟ್ಟೆ ತುಂಬಿದ ಹಕ್ಕಿ ತಾನು ಕೂರೋ ಕೈಗವಸನ್ನ ಮರೆಯುತ್ತೆ." ಹಾಗೆ ಮಾಡಲಿಲ್ಲ. ಬೇಟೆಯ ಕಾಲದಲ್ಲಿ ಹಸಿವು ಏರಲೆಂದು ಹಾಕುತ್ತೇವಲ್ಲ, ರಕ್ತವೆಲ್ಲ ಹೋಗುವ ತನಕ ನೀರಲ್ಲಿ ನೆನೆಸಿಟ್ಟ ಬಿಳಿ ಮಾಂಸ, ಅದನ್ನೇ ಹಾಕಿದೆ. ದಿನಾ ಬೆಳಿಗ್ಗೆ ಹೊಳೆಗೆ ಹೋಗಿ ನನ್ನ ಕೈಯಾರೆ ಹಿಂಡಿ ಹಿಂಡಿ ತೊಳೆದೆ. ಕಡೆಗೆ ಎರಡು ಬೆಟ್ಟ ದಾಟಿಸಿ, ಪದ್ಧತಿಯಂತೆ ಒಂದು ಕುರಿ ಕಡಿದಿಟ್ಟು, ಹಿಂತಿರುಗಿ ನೋಡದೆ ಬಂದೆ. ಬರುವುದೆಂದು ಗೊತ್ತಿದ್ದಮೇಲೆ ಯಾಕೆ ತಿರುಗಿ ನೋಡಲಿ? ಕುರಿ ತಿಂದು ಮುಗಿಸಿ ಆರನೇ ದಿನ ಬಂದು ತನ್ನ ಗೂಟದ ಮೇಲೆ ಕೂತಿತ್ತು.

ಯಾಕೆ ಹೀಗೆ ಮಾಡಿದೆ ಎಂದರೆ, ಕಮ್ಶಾತ್ ಹುಟ್ಟಿದ ವರ್ಷವೇ ನೀವು ಬಂಡೆಯ ಗೂಡಿನಿಂದ ಆ ಮರಿ ತಂದಿರಿ. ಇಬ್ಬರಿಗೂ ಒಂದೇ ಬಟ್ಟಲಲ್ಲಿ ಮಾಂಸ ಹೆಚ್ಚಿದ್ದೇನೆ. ನಮ್ಮ ಮಗಳು ಆರಕ್ಕೇ ನಿಂತಳು. ಹಕ್ಕಿ ಏಳು ತುಂಬಿತು, ಎಂಟು ತುಂಬಿತು, ಅದರ ಕತ್ತಿನ ಹೊನ್ನಿನ ಬಣ್ಣ ಏರುತ್ತಾ ಹೋಯಿತು. ಅದನ್ನು ನೋಡಿ ಅವಳು ಈಗ ಇಷ್ಟೆತ್ತರ ಆಗಿರುತ್ತಿದ್ದಳು ಎಂದು ಲೆಕ್ಕ ಹಾಕುತ್ತಿದ್ದೆ. ಅದೂ ಹೋದರೆ ನಾನು ಲಾರಿ ಹತ್ತಲೇಬೇಕು, ಗೋರಿಯನ್ನು ಗಾಳಿಗೆ ಬಿಟ್ಟು ಬರಲೇಬೇಕು. ನನ್ನಿಂದ ಆಗಲಿಲ್ಲ.

ಈ ವಸಂತದಲ್ಲೂ ಅದೇ ಮೋಸ ಮಾಡಿದೆ. ಈ ಸಲ ಹಕ್ಕಿ ಒಂಬತ್ತು ದಿನ ಬರಲಿಲ್ಲ. ಹತ್ತನೇ ದಿನ ನೆಲದ ಮೇಲೆ ಕುಂಟುತ್ತಾ ಬಂತು, ಅಷ್ಟು ದೊಡ್ಡ ಹಕ್ಕಿ, ಕೋಳಿಯ ಹಾಗೆ. ಆ ಬೆಟ್ಟ ಇನ್ನೊಂದು ಹದ್ದಿನ ಜೋಡಿಯ ಸೀಮೆಯಂತೆ. ಅವು ಹೊಡೆದಿದ್ದವು, ಎದುರಿಸಲು ಇದರ ಮೈಯಲ್ಲಿ ತ್ರಾಣವಿರಲಿಲ್ಲ. ಬಲಗಾಲಿನ ಹಿಂಬೆರಳ ಉಗುರು ಬುಡಸಮೇತ ಹೋಗಿತ್ತು. ನೀವೇ ಹೇಳುತ್ತಿದ್ದಿರಿ, ಹದ್ದಿನ ಜೀವವೆಲ್ಲ ಆ ಉಗುರಿನಲ್ಲಿದೆ ಎಂದು.

ಪಕ್ಕದ ಬಿಡಾರದ ದಾವಿತ್‌ಖಾನ್ ಅಜ್ಜನನ್ನು ಕರೆದೆ. ಅವರು ಗಾಯ ಆಮೇಲೆ ನೋಡಿದರು, ಮೊದಲು ಎದೆಯ ಮೂಳೆ ಮುಟ್ಟಿದರು. ಮುಟ್ಟಿ ನನ್ನ ಮುಖವನ್ನೇ ನೋಡಿದರು. "ಕೆಂಪು ಮಾಂಸ ಹಾಕಿದೆ ಅಂದ್ಯಲ್ಲಮ್ಮ. ಈ ಎದೆ ಚಾಕು ಥರ ಕೈಗೆ ಕುಯ್ಯುತ್ತೆ. ಐವತ್ತು ವರ್ಷ ಹಕ್ಕಿ ಹೊತ್ತಿದೀನಿ, ನನಗೇ ಟೋಪಿ ಹಾಕ್ತೀಯಾ?" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅಜ್ಜ ಸಮಾಧಾನವನ್ನೂ ಮಾಡಲಿಲ್ಲ. "ಅಳೋದು ಆಮೇಲೆ ಅಳು, ಮೊದಲು ಕುರಿ ಕಡಿ" ಎಂದರು.

ಬೇಸಿಗೆಯೆಲ್ಲ ಕೆಂಪು ಮಾಂಸ ಹಾಕಿದೆ. ನಮ್ಮ ಇಪ್ಪತ್ತು ಕುರಿಗಳಲ್ಲಿ ಈಗ ಉಳಿದದ್ದು ಹದಿಮೂರು, ನಿಮಗೆ ಗೊತ್ತಿರಲಿ ಎಂದು ಹೇಳಿದೆ. ಸೆಪ್ಟೆಂಬರಿನ ಮೊದಲ ವಾರ, ಕೊಬ್ಬಿದ ಮರ್ಮೊಟ್‌ಗಳು ಇನ್ನೂ ಬಿಲದ ಹೊರಗೆ ಓಡಾಡುತ್ತಿರುವಾಗಲೇ, ನಾನೂ ಅಜ್ಜನೂ ಜೋಡಿ ಹಕ್ಕಿಗಳಿಲ್ಲದ ಕಣಿವೆ ಹುಡುಕಿ ಬಿಟ್ಟೆವು. ಈ ಸಲ ನಾನು ಮರಳಲಿಲ್ಲ. ನಿಮ್ಮ ದುರ್ಬೀನು ಹಿಡಿದು ಅಜ್ಜನ ಜೊತೆ ಬಂಡೆಯ ಮರೆಯಲ್ಲಿ ಐದು ದಿನ ಕೂತೆ.

ಎರಡು ದಿನ ಅದು ನಾವು ಬಂದ ದಾರಿಯನ್ನೇ ನೋಡುತ್ತಾ ಕೂತಿತ್ತು. ಮೂರನೇ ದಿನ ನರಿಯ ಮೇಲೆ ಎರಗಿತು, ಹಳೇ ಅಭ್ಯಾಸ. ಉಗುರಿಲ್ಲದ ಕಾಲು ಜಾರಿ ನರಿ ತಪ್ಪಿಸಿಕೊಂಡಿತು. ಅದಾದಮೇಲೆ ನರಿಯ ತಂಟೆಗೆ ಹೋಗಲಿಲ್ಲ. ಮರ್ಮೊಟ್ ಮರಿ ಹಿಡಿಯಿತು, ಅದೂ ಎಡಗಾಲಿನಲ್ಲಿ ಮಾತ್ರ. ಕೊನೆಯ ದಿನ ಸತ್ತ ಕಾಡುಮೇಕೆಯೊಂದರ ಮೇಲೆ ಕಾಗೆಗಳು ಕೂತಿದ್ದವು. ಇದು ಹೋಗಿ ಅವುಗಳ ನಡುವೆ ಇಳಿದು ತಿನ್ನತೊಡಗಿತು. ಅಜ್ಜ ಥೂ ಎಂದು ಉಗಿದರು. "ತೋಳದ ಕತ್ತು ಹಿಡಿದ ಹಕ್ಕಿ, ಕಾಗೆ ಪಂಕ್ತೀಲಿ ಕೂತು ಹೆಣ ತಿಂತಿದೆ ನೋಡು" ಎಂದರು. ನನಗೂ ನಾಚಿಕೆಯಾಯಿತು. ಆಮೇಲೆ ನೀವು ನೆನಪಾದಿರಿ. ರೈಲು ನಿಲ್ದಾಣದಲ್ಲಿ ಕಲ್ಲಿದ್ದಲು ಹೊರುತ್ತಿದ್ದೇನೆ ಎಂದು ನೀವು ಬರೆದಾಗ, ಹದ್ದು ಹೊತ್ತ ಹೆಗಲಿಗೆ ಎಂಥ ಗತಿ ಎಂದು ನಾನು ಜುಸಿಪನೆದುರು ಹಗುರಾಗಿ ಆಡಿದ್ದೆ. ಹಾಗೆ ಆಡಬಾರದಿತ್ತು. ಹಕ್ಕಿ ತಿಂದಿತು, ಬದುಕಿತು, ಅಷ್ಟು ಸಾಕು.

ಮೊನ್ನೆ ಮಧ್ಯಾಹ್ನ ಅದು ಮನೆಯ ಮೇಲೆ ಬಂತು. ಒಂದು ಸುತ್ತು ಹಾಕಿತು. ನಾನು ಕರೆಯಲಿಲ್ಲ ಎಂದು ಬರೆಯಹೊರಟಿದ್ದೆ, ಅದೂ ಸುಳ್ಳಾಗುತ್ತದೆ. ಕರೆದೆ. ಮಾಂಸ ಎತ್ತಿ ಹಿಡಿದು ಗಂಟಲು ಹರಿಯುವಂತೆ ಕರೆದೆ. ಕೇಳಿಸಿಕೊಂಡಿತು, ತಲೆ ಬಾಗಿಸಿದ್ದು ಕಂಡಿತು. ಇಳಿಯಲಿಲ್ಲ. ಇನ್ನು ಅದು ಬರುವುದಿಲ್ಲ. ಅದರ ಕಣ್ಣು ಮುಚ್ಚುವ ಚರ್ಮದ ಕುಲಾವಿಯನ್ನು ಜುಸಿಪನ ಕೈಲಿ ಕಳಿಸಿದ ಒಣಮೊಸರಿನ ಚೀಲದಲ್ಲಿ ಇಟ್ಟಿದ್ದೇನೆ, ತೆಗೆದುಕೊಳ್ಳಿ.

ಹಾಗಿದ್ದಮೇಲೆ ಯಾಕೆ ಬರಲಿಲ್ಲ ಎಂದು ಕೇಳುತ್ತೀರಿ. ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟದ್ದೂ ಆಗಿತ್ತು. ಅದನ್ನು ಕಟ್ಟುವಾಗ ನರಿಯ ತೊಗಲು ಸಿಕ್ಕಿತು. ಹೌದು, ಅದೇ. ಬಿಸಾಡಿದೆ ಎಂದಿದ್ದೆ, ಬಿಸಾಡಿರಲಿಲ್ಲ.

ಆ ಚಳಿಗಾಲ ನಿಮ್ಮ ಅಣ್ಣನ ಹೆಂಡತಿ ಎಲ್ಲರೆದುರು, "ಹದ್ದಿನವನ ಮಗಳಿಗೆ ಮೊಲದ ಟೋಪಿನಾ?" ಎಂದು ನಕ್ಕಿದ್ದಳು. ಅದರ ಮುಂದಿನ ವಾರವೇ ಅವಳ ಮಗಳ ಮದುವೆ ಇತ್ತು. ಟೋಪಿಗೆ ನರಿ ತನ್ನಿ ಎಂದು ನಿಮ್ಮ ಜೀವ ತಿಂದವಳು ನಾನು. ನೀವು ಹೋದ ರಾತ್ರಿಯೇ ಹಿಮ ಸುರಿದು ಕಣಿವೆ ಮುಚ್ಚಿತು. ನಾಲ್ಕನೇ ದಿನ, ಹೊರಗೆ ಕುದುರೆ ಇಳಿಯುತ್ತಲೇ, "ಕಮ್ಶಾತ್, ನಿನ್ನ ಟೋಪಿ ಬಂತು ನೋಡೇ" ಎಂದು ಕೂಗಿದಿರಿ. ಒಳಗೆ ಅವಳನ್ನು ತೊಳೆದು ಬಿಳಿ ಬಟ್ಟೆ ಸುತ್ತಿ ಆಗಿತ್ತು. ಮಗಳು ಜ್ವರದಲ್ಲಿ ಅಪ್ಪಾ ಅಪ್ಪಾ ಅಂತಿದ್ದರೆ ನೀನು ಹಕ್ಕಿ ಆಡಿಸ್ತಿದ್ದೆ ಎಂದು ಊರೆಲ್ಲ ಕೇಳುವಂತೆ ನಾನು ಕಿರುಚಿದೆ. ನೀವು ಆಮೇಲೆ ಒಂದು ದಿನವೂ ಬೇಟೆಗೆ ಹೋಗಲಿಲ್ಲ. ನಾಡನ್ನೇ ಬಿಟ್ಟಿರಿ. ನಾನು ಆ ಮಾತನ್ನು ಇವತ್ತಿನವರೆಗೂ ವಾಪಸು ತೆಗೆದುಕೊಂಡಿಲ್ಲ.

ಆ ತೊಗಲು ಕೈಯಲ್ಲಿ ಹಿಡಿದಮೇಲೆ ಲಾರಿ ಹತ್ತಿ ನಿಮ್ಮ ಮುಂದೆ ಇಳಿದು ಅಡುಗೆಗಿಡಲು ಆಗುತ್ತಿರಲಿಲ್ಲ. ಹಕ್ಕಿಗೊಂದೇ ಅಲ್ಲ, ನಾಲ್ಕು ವರ್ಷ ನಿಮಗೂ ತೊಳೆದದ್ದನ್ನೇ ಬಡಿಸಿದ್ದೇನೆ. ಜುಸಿಪ್ ಮಾರ್ಚಿನಲ್ಲಿ ಮತ್ತೆ ಬರುತ್ತಾನೆ. ಕೆಳಗಿನದನ್ನು ಓದಿದಮೇಲೂ ನಾನು ಬೇಕೆನಿಸಿದರೆ ಅವನ ಕೈಲಿ ಒಂದು ಮಾತು ಹೇಳಿ ಕಳಿಸಿ, ಪೆಟ್ಟಿಗೆ ಕಟ್ಟಿದ ಹಾಗೇ ಇದೆ. ಬೇಡವೆನಿಸಿದರೆ ಅವನಿಗೆ ಏನೂ ಹೇಳಬೇಡಿ. ಸಹಿಯನ್ನು ಮೊದಲೇ ಹಾಕುತ್ತಿದ್ದೇನೆ. ಅದನ್ನು ಬರೆದಾದಮೇಲೆ ನಿಮ್ಮ ಹೆಂಡತಿ ಎಂದು ಬರೆಯಲು ನನಗೆ ಧೈರ್ಯ ಇರುತ್ತದೋ ಇಲ್ಲವೋ.

ನಿಮ್ಮ ಹೆಂಡತಿ,
ಕುಲ್ಜಿರಾ

ಮರೆತು ಬಿಟ್ಟದ್ದಲ್ಲ, ಮುಚ್ಚಿಟ್ಟದ್ದು: ನೀವು ನರಿಬೇಟೆಗೆ ಹೊರಟ ಬೆಳಿಗ್ಗೆಯೇ ಅವಳ ಮೈ ಸುಡುತ್ತಿತ್ತು. ನನಗೆ ಗೊತ್ತಿತ್ತು. ಆಗ ಹಿಮ ಇರಲಿಲ್ಲ, ಆಸ್ಪತ್ರೆಯ ದಾರಿ ತೆರೆದಿತ್ತು. ನಿಮಗೆ ಹೇಳಿದ್ದರೆ ನರಿ ಬರುತ್ತಿರಲಿಲ್ಲ. ಸಂಜೆಗೆ ಇಳಿಯುತ್ತದೆ ಅಂದುಕೊಂಡೆ. ನೀವು ಕುದುರೆಗೆ ಜೀನು ಕಟ್ಟಿ ಒಳಗೆ ಬಂದು, ಮಲಗಿದ್ದವಳ ಹಣೆಗೆ ಮುತ್ತಿಡಲು ಬಗ್ಗಿದಿರಿ. ಚಳಿ ಎಂದು ಹೇಳಿ ನಾನು ಅವಳ ಟೋಪಿಯನ್ನು ಹುಬ್ಬಿನವರೆಗೂ ಎಳೆದೆ. ಅವತ್ತು ನಿಮ್ಮ ತುಟಿಗೆ ತಾಗಿದ್ದು ಬರೀ ಮೊಲದ ತುಪ್ಪಳ.