ಎರಡು ಪಾಲು ಐಸು

ರಕ್ತನಿಧಿಯ ಹಿಂದಿನ ಕೋಣೆ
ಹನ್ನೆರಡನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮುರಿದ ಸೊಂಟದ ನೋವು ಹೇಗಿದೆ? ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದಾರೆ ತಾನೆ? ನರ್ಸ್ ಕೊಟ್ಟ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತೀಯಂತೆ, ಅಣ್ಣ ಹೇಳಿದ. ನನ್ನ ಮೇಲಿನ ಸಿಟ್ಟನ್ನು ಮಾತ್ರೆಯ ಮೇಲೆ ತೀರಿಸಬೇಡ, ನುಂಗು. ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ಹರಿದುಹಾಕುವುದಿದ್ದರೆ ಪೂರ್ತಿ ಓದಿ ಹರಿ.

ಗುರುವಾರದ ಆಪರೇಷನ್ ಮುಂದೆ ಹೋದದ್ದು ನನ್ನಿಂದಲೇ. ಅಣ್ಣ ಹೇಳಿದ್ದರಲ್ಲಿ ಅಷ್ಟು ನಿಜ, ಉಳಿದದ್ದನ್ನು ನನ್ನ ಬಾಯಿಂದ ಕೇಳು. ನಿನ್ನ ಗುಂಪಿನ ರಕ್ತ ಸಿಗುವುದೇ ಅಪರೂಪ. ದೂರದ ಊರಿನಲ್ಲಿ ಎರಡು ಚೀಲ ಇದೆಯೆಂದು ಗೊತ್ತಾಗಿ ನಮ್ಮ ವ್ಯಾನ್ ಡ್ರೈವರನ್ನು ಕಳಿಸಿದೆ. ಅವನು ಎಷ್ಟು ಒಳ್ಳೆಯವನೆಂದರೆ, ಒಳ್ಳೆಯತನದಿಂದಲೇ ಕೆಲಸ ಕೆಡಿಸಿದ. ಪೆಟ್ಟಿಗೆಯಲ್ಲಿ ಐಸಿಗೂ ಚೀಲಕ್ಕೂ ನಡುವೆ ರಟ್ಟು ಇರಬೇಕು. "ಮೇಡಂ ಅಪ್ಪಂಗೆ ಹೋಗೋ ರಕ್ತ ಅಲ್ವಾ, ಬಿಸಿಲು ಜಾಸ್ತಿ ಅಂತ ರಟ್ಟು ತೆಗೆದು ಎರಡು ಪಾಲು ಐಸು ತುಂಬಿದೆ" ಅಂದ, ಶಭಾಷ್ ಅನ್ನಿಸಿಕೊಳ್ಳಲು ನಿಂತವನ ಹಾಗೆ. ಅವನನ್ನು ಬೈಯಲೂ ಬಾಯಿ ಬರಲಿಲ್ಲ. ರಕ್ತವನ್ನು ತಣ್ಣಗಿಡಬೇಕು, ಐಸು ಮಾಡಬಾರದು. ಎರಡರಿಂದ ಆರು ಡಿಗ್ರಿಯಲ್ಲಿ ಆರು ವಾರ ಬಾಳುವ ಕೆಂಪು ಕಣ ಒಮ್ಮೆ ಗಡ್ಡೆಕಟ್ಟಿದರೆ ಒಡೆದುಹೋಗುತ್ತದೆ. ಒಡೆದದ್ದನ್ನು ಮೈಗೆ ಏರಿಸಿದರೆ ಮೂತ್ರಪಿಂಡವೇ ಕೈಕೊಡಬಹುದು.

ಒಂದು ಚೀಲದ ಮೂಲೆ ಕಲ್ಲಿನಂತೆ ಗಟ್ಟಿಯಾಗಿತ್ತು. ಕರಗಿ, ಕಣಗಳು ತಳಕ್ಕಿಳಿದ ಮೇಲೆ ನೋಡಿದರೆ, ಹಳದಿಯಾಗಿರಬೇಕಾದ ಮೇಲಿನ ತಿಳಿಯೂ ಕೆಂಪು. ಅದರ ಬಗ್ಗೆ ಯಾರದೂ ತಕರಾರಿಲ್ಲ. ಜಗಳವೆಲ್ಲ ಎರಡನೆಯದರ ಮೇಲೆ. ಅದು ನೋಡಲು ಚೆನ್ನಾಗಿಯೇ ಇತ್ತು, ಆದರೆ ಅದೇ ಐಸಿಗೆ ಒತ್ತಿಕೊಂಡು ಮೂರು ಗಂಟೆ ಬಂದದ್ದು. ನಮ್ಮ ದೊಡ್ಡ ಡಾಕ್ಟರು ಕನ್ನಡಕ ಏರಿಸಿ, "ಇದನ್ನ ಕಳಿಸಿಬಿಡಮ್ಮ, ನಿಮ್ಮಪ್ಪನಿಗೇ ತಾನೆ" ಅಂದರು. "ಇದನ್ನ ಯಾರಪ್ಪನಿಗೂ ಕೊಡಲ್ಲ ಸರ್" ಅಂದೆ. ನನ್ನನ್ನು ಉಗ್ರಾಣಕ್ಕೆ ಹಾಕುತ್ತಾರಂತೆ. ಹಾಕಲಿ, ಅಲ್ಲಿ ಬ್ಯಾಂಡೇಜು ಎಣಿಸಿಕೊಂಡಿರುತ್ತೇನೆ.

ಮಲಗಿದಲ್ಲೇ ಮಲಗಿದರೆ ನಿನಗೆ ಒಂದೊಂದು ದಿನವೂ ಅಪಾಯ ಎಂದು ಅಣ್ಣ ಕೂಗಾಡುತ್ತಾನೆ. ನನಗೆ ಗೊತ್ತಿಲ್ಲವೆ? ನಿನ್ನೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅತ್ತದ್ದೂ ನಿಜ, ಚೀಲ ಕಳಿಸುವ ಕಾಗದಕ್ಕೆ ಸಹಿ ಹಾಕದ್ದೂ ನಿಜ. ನೀನು ಲಿಫ್ಟ್ ರಿಪೇರಿ ಮಾಡುತ್ತಿದ್ದಾಗ, ಹಗ್ಗದ ಎರಡು ಎಳೆ ಕಡಿದಿದೆ ಎಂದು ಬೀಗ ಜಡಿದು ಕೀಲಿ ಜೇಬಿಗಿಳಿಸಿ ಮನೆಗೆ ಬರಲಿಲ್ಲವೆ? ಮಾಲೀಕ ಏದುಸಿರು ಬಿಡುತ್ತ ಏಳು ಮಹಡಿ ಹತ್ತಿದ. ಕೆಲಸ ಹೋಯಿತೆಂದು ಅಮ್ಮ ಗೋಳಾಡುತ್ತಿದ್ದರೆ ನೀನು ಮೀಸೆ ತಿರುವುತ್ತ ಊಟಕ್ಕೆ ಕೂತೆ. ನನಗೆ ಮೀಸೆ ಇಲ್ಲ, ಅಷ್ಟೇ ವ್ಯತ್ಯಾಸ.

ನಿನ್ನ ಗುಂಪಿನ ಇಬ್ಬರನ್ನು ಹುಡುಕಿದ್ದೇನೆ. ಒಬ್ಬಳು ಈಜು ಕಲಿಸುವವಳು, ಇನ್ನೊಬ್ಬ ಗಡಿಯಾರ ರಿಪೇರಿಯವನು. ಶುಕ್ರವಾರ ಬಂದು ಕೊಡುತ್ತಾರೆ. ಪರೀಕ್ಷೆ ಮುಗಿಸಿ, ಸೋಮವಾರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಬರುತ್ತೇನೆ. ಅಲ್ಲಿಯವರೆಗೆ ಹಟ ಮಾಡದೆ ಮಲಗಿರು. ಅತ್ತಿಗೆಗೆ ನನ್ನ ನೆನಪು ಹೇಳು. ನಿನ್ನ ಕಾಲಿಗೆ, ಸೊಂಟ ಅಲುಗದ ಹಾಗೆ, ದೂರದಿಂದಲೇ ನಮಸ್ಕಾರ.

ನಿನ್ನ ಮೊಂಡು ಮಗಳು

ಅವಸರದಲ್ಲಿ ಇನ್ನೊಂದು ಮಾತು: ಅಣ್ಣ ಈಗಷ್ಟೇ ಇಲ್ಲಿಗೆ ಬಂದ. ನಿನ್ನ ಚೀಟಿ ತೋರಿಸಿದ. 'ಏನಾದರೂ ನಾನೇ ಹೊಣೆ, ಆ ಚೀಲ ಕೊಡಿ' ಎಂದು ಬರೆದಿದ್ದೀಯ. ತಡವಾಯಿತು ಅಪ್ಪಾ. ಬೆಳಿಗ್ಗೆಯೇ ಎರಡೂ ಚೀಲವನ್ನು ಹಬೆಯ ಯಂತ್ರಕ್ಕೆ ಹಾಕಿ ನಾಶಮಾಡಿ, ದಾಖಲೆ ಪುಸ್ತಕದಲ್ಲಿ ಅದರ ಕೆಳಗೆ ನನ್ನ ಹೆಸರು ಬರೆದಿದ್ದೇನೆ. ಇನ್ನು ಬೇಡಿಕೊಳ್ಳಲು ಏನೂ ಉಳಿದಿಲ್ಲ. ಎಷ್ಟು ಬೇಕಾದರೂ ಬೈ, ಜನ್ಮವಿಡೀ ಬೈ. ಅದಕ್ಕಾದರೂ ನೀನು ಇರಬೇಕು.