ಆರು ಗಾಜಿನ ಬಾಗಿಲು

3 ನವೆಂಬರ್ 2003, ಸೋಮವಾರ

ಚಹಾ, ಪೇಪರ್, ಆಮೇಲೆ ಬಾಗಿಲ ಗಾಜು ಒರೆಸುವುದು. ಆರು ಗಾಜು. ಈ ಕೆಲಸ ನನ್ನದೇ. ಬಾಗಲಕೋಟೆಯ ಈ ವಿದ್ಯಾಗಿರಿಯಲ್ಲಿ ಮನೆ ಕಟ್ಟಿಸುವಾಗ ಸಾಗವಾನಿ ಬಾಗಿಲಿಗೆ ಗಾಜು ಬೇಕೆಂದು ಹಟ ಹಿಡಿದವನೂ ನಾನೇ. ಹೋಗುವವರು ಬರುವವರು ಕಾಣಬೇಕು, ಮನೆ ಎಂದರೆ ಊರಿನ ಪಡಸಾಲೆಯಂತೆ ಇರಬೇಕು ಎಂದಿದ್ದೆ.

ಒರೆಸುತ್ತಿರುವಾಗಲೇ ಸುದ್ದಿ ಬಂತು. ಹಿಂದಿನ ಓಣಿಯಲ್ಲಿ ಕಳವು. ಹಾಡಹಗಲು. ಇಂಥದೇ ಬಾಗಿಲು. ಒಂದು ಗಾಜು ಒಡೆದು, ಕೈ ಒಳಗೆ ಹಾಕಿ, ಚಿಲಕ ತೆಗೆದಿದ್ದಾರೆ. ಅಷ್ಟೇ ಕೆಲಸ.

ಮಹಾನಂದಾ ಬಂದು ನನ್ನ ಹಿಂದೆ ನಿಂತಳು. "ನಿಮ್ಮ ಬಾಗಲಾ ಕಳ್ಳರಿಗೆ ಲಗ್ನಪತ್ರಿಕಿ ಕೊಟ್ಟಂಗ ಐತಿ ನೋಡ್ರಿ."

ಮದುವೆಯಾಗಿ ಹತ್ತೊಂಬತ್ತು ವರ್ಷ. ಇನ್ನೂ ಮಾತಿನಲ್ಲಿ ಅವಳದೇ ಗೆಲುವು.

6 ನವೆಂಬರ್, ಗುರುವಾರ

ಹುಸೇನಸಾಬ ಬಂದಿದ್ದ. ಈ ಬಾಗಿಲು ಮಾಡಿದ ಬಡಿಗ. ತನ್ನ ಕೆಲಸವನ್ನು ತಾನೇ ತಡವಿ ನೋಡಿದ.

"ಚಿಲಕಾ ಗಾಜಿನ ಬಾಜೂಕ ಐತ್ರಿ ಸರ. ತಪ್ಪು ನಂದ. ಒಂದ ಅಗಳಿ ಮ್ಯಾಲೆ, ಒಂದ ಕೆಳಗ ಬಡೀತೇನಿ. ಯಾವ ಗಾಜ ಒಡದ್ರೂ ಕೈ ಮುಟ್ಟಬಾರದು. ಒಳಗಿಂದ ಒಂದ ಗ್ರಿಲ್ ಕೂಡಿಸಿದ್ರ ಭಾಳ ಚಲೋ."

"ಮನಿ ಜೈಲ ಮಾಡ್ತಿಯೇನಪಾ?" ಎಂದಳು ಮಹಾನಂದಾ.

"ಅಕ್ಕಾರ, ಜೈಲಿನ ಗ್ರಿಲ್ ಒಳಗಿನಾವ್ರು ಹೊರಗ ಹೋಗದಂಗ. ಇದು ಹೊರಗಿನಾವ್ರು ಒಳಗ ಬರದಂಗ."

"ನೋಡಾಕ ಎರಡೂ ಒಂದ."

ಗ್ರಿಲ್ ರದ್ದು. ಎರಡು ಅಗಳಿ ಆದವು. ಗಾಜಿಗೆ ಕಾರಿನವರು ಹಚ್ಚುವಂಥ ಕಪ್ಪು ಫಿಲ್ಮ್ — ಒಳಗೆ ಏನಿದೆ, ಯಾರಿದ್ದಾರೆ ಹೊರಗಿನವರಿಗೆ ತಿಳಿಯಬಾರದು.

9 ನವೆಂಬರ್, ರವಿವಾರ ಮಧ್ಯಾಹ್ನ

ಹುಸೇನಸಾಬ ಬಂದು ಫಿಲ್ಮ್ ಹಚ್ಚಿದ. ಏನು ಮಜಾ! ಹೊರಗೆ ನಿಂತರೆ ಬರೀ ಕನ್ನಡಿ. ಒಳಗೆ ನಿಂತರೆ ಇಡೀ ಓಣಿ ಕಾಣುತ್ತದೆ. ಚಂದಾ ಕೇಳಲು ಬಂದವನೊಬ್ಬ ಬೆಲ್ ಒತ್ತುವ ಮೊದಲು ನಮ್ಮ ಗಾಜಿನಲ್ಲಿ ಮೀಸೆ ತಿರುವಿಕೊಂಡ, ಹಲ್ಲು ಕಿರಿದು ನೋಡಿಕೊಂಡ. ನಾನು ಒಂದೇ ಗೇಣು ದೂರದಲ್ಲಿ, ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದೆ. ಬಾಗಿಲು ತೆಗೆಯಲಿಲ್ಲ. ಹೋದ.

ಹುಸೇನಸಾಬ ಹೋಗುವಾಗ, "ಸಂಜೀಮುಂದ ಮಾತ್ರ ಪಡದಾ ಬಿಡ್ರಿ ಸರ" ಎಂದ.

"ಯಾಕಪಾ, ನಿಮ್ಮ ಅಳಿಯಾ ಪಡದಾದ ಅಂಗಡಿ ಹಾಕ್ಯಾನಲ್ಲ, ಅದಕ್ಕೇನು?"

ನಕ್ಕು ಹೋಗಿಬಿಟ್ಟ. ನನ್ನ ಮಾತಿಗೆ ನಾನೇ ಬಹಳ ಹೊತ್ತು ನಕ್ಕೆ.

11 ನವೆಂಬರ್, ಮಂಗಳವಾರ

ಊರಿನಿಂದ ಫೋನ್. ಕಾಶಪ್ಪ, ದುರಗವ್ವನ ಮಗ. ಅವ್ವನ ಕಣ್ಣಿಗೆ ಪೊರೆ ಬಂದಿದೆ. ಗುರುವಾರ ಬಾಗಲಕೋಟೆಯಲ್ಲಿ ಆಪರೇಷನ್. ಎಂಟು ದಿನ ದವಾಖಾನೆಯ ಹತ್ತಿರವೇ ಇರಬೇಕಂತೆ, ಊರಿನ ಧೂಳು ಆಗದಂತೆ. "ನಿಮ್ಮಲ್ಲೆ ಒಂದ ಮೂಲ್ಯಾಗ ಇರತಾಳ್ರಿ ಸರ. ಅಕಿನ ಅಂದ್ಳು, ನಮ್ಮ ಶಂಭ್ಯಾ ಇದ್ದಾನಲ್ಲ ಅಂತ."

ಇಲಕಲ್ಲಿಗೆ ಹೊರಟಿದ್ದೇವೆ ಎಂದೆ. ಲಗ್ನ. ಹದಿನೈದು ದಿನ ಇರುವುದಿಲ್ಲ. ಮನೆಗೆ ಕೀಲಿ.

ಅಷ್ಟು ಸರಳವಾಗಿ ಬಂತು. ಇಲಕಲ್ಲಿನಲ್ಲಿ ಯಾವ ಲಗ್ನವೂ ಇಲ್ಲ.

ಯಾಕೆ ಹಾಗೆ ಹೇಳಿದೆ? ಇಲ್ಲಿ ಬರೆಯುತ್ತೇನೆ, ಯಾರೂ ಓದುವುದಿಲ್ಲ. ನನಗೆ ಗೊತ್ತಿರುವ ಕಥೆಗಳೆಲ್ಲ ದುರಗವ್ವನವು. ಕಾಲೇಜಿನಲ್ಲಿ ಹುಡುಗರು ನನ್ನನ್ನು ಕಥಿ ಮಾಸ್ತರ ಅನ್ನುವುದು ಅವಳ ಕಥೆಗಳಿಂದ. ನಾನು ಸಣ್ಣವನಿದ್ದಾಗ, ಐಹೊಳೆಯ ಆಚೆ ನಮ್ಮೂರಿನಲ್ಲಿ, ಕೇರಿಯಿಂದ ಬಂದು ನಮ್ಮ ಕಟ್ಟಿಯ ಕೆಳಗಿನ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ಕಥೆಯ ನಡುನಡುವೆ ನಾನು "ಹ್ಞೂಂ" ಅನ್ನಬೇಕು. ಅನ್ನದಿದ್ದರೆ ಅಲ್ಲೇ ನಿಲ್ಲಿಸುವಳು. "ಹ್ಞೂಂ ಅನ್ನಾವ್ರಿಲ್ಲಂದ್ರ ಕಥಿ ಯಾರಿಗಿ ಹೇಳಲೋ, ಗ್ವಾಡಿಗೇನು?"

ಹೊಸಲು ದಾಟಿ ಅವಳು ಒಳಗೆ ಬಂದದ್ದಿಲ್ಲ. ಬರಬೇಡ ಎಂದು ಯಾರೂ ಅನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ.

ಈ ಮನೆಗೆ ಕಟ್ಟಿ ಇಲ್ಲ. ಬಂದರೆ ಒಳಗೇ ಬರಬೇಕು. ನಮ್ಮ ತಾಟಿನಲ್ಲೇ ಉಣ್ಣಬೇಕು. ಪ್ರಿನ್ಸಿಪಾಲರು ಬಂದಾಗ ಅವಳು ಹಾಲ್‌ನಲ್ಲಿ ಕೂತು "ಶಂಭ್ಯಾ" ಅಂದರೆ... ಅಷ್ಟೇ. ಕಾರಣ ಇಷ್ಟೇ ಸಣ್ಣದು.

ಮಹಾನಂದಾಗೆ ಹೇಳಲಿಲ್ಲ.

22 ನವೆಂಬರ್, ಶನಿವಾರ, ಸಂಜೆ ಏಳು

ಈಗಲೇ ಬರೆದುಬಿಡಬೇಕು.

ದೀಪ ಹಚ್ಚುವ ಹೊತ್ತು. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಹಾಕಿದ್ದೆ. ದೇವರ ಮುಂದೆ ದೀಪ ಹಚ್ಚಿ, ಮುಂಬಾಗಿಲು ತೆರೆದು ಹೊಸಲ ಬಳಿ ಒಂದು ದೀಪ ಇಡುವುದು ಮಹಾನಂದಾಳ ಪದ್ಧತಿ. ದೀಪ ಹಿಡಿದು ಬರುತ್ತಿದ್ದಳು. ಗೇಟು ಸಪ್ಪಳವಾಯಿತು.

"ಶಂಭ್ಯಾ..."

ಆ ದನಿ. ನಾನು ಬಾಯಿಯ ಮೇಲೆ ಬೆರಳಿಟ್ಟೆ. ಇನ್ನೊಂದು ಕೈಯಿಂದ, ನಿಲ್ಲು ಎಂದೆ. ಮಹಾನಂದಾ ದೀಪ ಹಿಡಿದುಕೊಂಡೇ ನಿಂತಳು. ಏನೂ ತಿಳಿಯದೆ ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು.

ಗೇಟಿನ ಹತ್ತಿರದಿಂದ ಕಾಶಪ್ಪ: "ಇಲಕಲ್ಲಿಗೆ ಹೋಗ್ಯಾರ ಅಂದೇನಲ್ಲಬೇ. ಬಸ್ಸು ತಪ್ಪತೈತಿ, ಬಾ."

"ಊರಿಗಿ ಹೋಗೂದಕ್ಕ ಮೊದ್ಲ ಮನಿಯರೆ ನೋಡತೇನಿ ತಡಿಯೋ. ಈಗ ಎಲ್ಲಾ ನಿಚ್ಚಳ ಕಾಣತೈತಿ."

ಹೆಜ್ಜೆ ಹತ್ತಿರ ಬಂದವು. ಎರಡೂ ಕೈ ಕಣ್ಣಿಗೆ ಮರೆ ಮಾಡಿ, ಗಾಜಿಗೆ ಹಣೆ ಹಚ್ಚಿದಳು. ನಾನು ಉಸಿರು ಹಿಡಿದೆ. ಫಿಲ್ಮ್ ಇದೆ, ಕಾಣುವುದಿಲ್ಲ ಎಂಬ ಧೈರ್ಯ. ಹೊರಗೆ ಕತ್ತಲಾಗಿತ್ತು, ನನಗೂ ಅವಳ ಮುಖ ನೆಟ್ಟಗೆ ಕಾಣಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದಳು. ಅಥವಾ ನನಗೆ ಹಾಗನಿಸಿತು.

"ಯಾರರೆ ಅದಾರೇನಬೇ?" ಕಾಶಪ್ಪ ಕೂಗಿದ.

"ಇಲ್ಲೋ. ಹ್ಞೂಂ ಅನ್ನಾವ್ರು ಯಾರೂ ಇಲ್ಲ. ನಡಿ."

ಗೇಟು ಹಾಕಿದ ಸಪ್ಪಳ. ಅಗಳಿ ಸಹ ಸರಿಯಾಗಿ ಹಾಕಿ ಹೋದಳು.

ಮಹಾನಂದಾ ದೀಪ ಕೆಳಗಿಟ್ಟಳು. "ಯಾರ್ರಿ ಅಕಿ?"

ಎಲ್ಲ ಹೇಳಿದೆ. ಅವಳು ದೀಪವನ್ನು ತಿರುಗಿ ದೇವರ ಮುಂದೆ ಒಯ್ದಿಟ್ಟಳು. ಇವತ್ತು ಬಾಗಿಲು ತೆರೆಯಲೇ ಇಲ್ಲ.

23 ನವೆಂಬರ್, ರವಿವಾರ

ಸಂತೆಯಿಂದ ಬರುವಾಗ ಹೊತ್ತು ಮುಳುಗಿತ್ತು. ಕೈಯಲ್ಲಿ ಕಾಯಿಪಲ್ಲೆ ಚೀಲ. ಗೇಟು ತೆಗೆದವನು ಅಲ್ಲೇ ನಿಂತುಬಿಟ್ಟೆ.

ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಗಾಜಿನಲ್ಲಿ ಕನ್ನಡಿ ಇರಲಿಲ್ಲ. ಮಹಾನಂದಾ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಕುಂಕುಮ ಕಂಡಿತು. ಅವಳ ಹಿಂದಿನ ಕ್ಯಾಲೆಂಡರ್ ಕಂಡಿತು, ಅದರ ಮೇಲಿನ ದೊಡ್ಡ ತಾರೀಖು ಕಂಡಿತು. ಎಲ್ಲಾ ನಿಚ್ಚಳ.

ಹಗಲು ಒಳಗಿನವರಿಗೆ ಹೊರಗಿನವರು ಕಾಣುತ್ತಾರೆ. ಕತ್ತಲಾಗಿ ಲೈಟ್ ಹಾಕಿದರೆ ಹೊರಗಿನವರಿಗೆ ಒಳಗಿನವರು. ಹುಸೇನಸಾಬ ಪಡದಾ ಅಂದದ್ದು ಇದಕ್ಕೆ. ನಾನು ಅಳಿಯನ ಅಂಗಡಿ ಅಂದೆ.

ಅಂದರೆ... ನೋಡಿದಳು. ಬಾಯಿಯ ಮೇಲಿನ ಬೆರಳು ಸಹಿತ. ಹೊಸ ಕಣ್ಣಿನಿಂದ. ನೋಡಿಯೂ ಮಗನಿಗೆ ಯಾರೂ ಇಲ್ಲ ಎಂದಳು. ಅವನ ಮುಂದೆ ನನ್ನ ಮಾನ ಹೋಗಬಾರದು ಎಂದು.

ಒಳಗೆ ಹೋಗಿ ಹೇಳಿದೆ. ಮಹಾನಂದಾ ತಲೆ ಎತ್ತಲಿಲ್ಲ. "ನನಗ ನಿನ್ನೇನ ಗೊತ್ತಾತ್ರಿ. ದೀಪಾ ಹಿಡಕೊಂಡ ಬಾಗಲದ ಹತ್ರ ನಿಂತಿದ್ದೆ, ಬೆಳಕ ಅಕಿ ಮಾರಿ ಮ್ಯಾಲೆ ಬಿತ್ತು. ಅಕಿ ಕಣ್ಣು ಮೊದ್ಲ ನಿಮ್ಮ ಮ್ಯಾಲೆ, ಆಮ್ಯಾಲೆ ನನ್ನ ಮ್ಯಾಲೆ. ನನ್ನ ನೋಡಿ ಸಣ್ಣಗ ನಕ್ಕಳು. ನಿಮಗ ಹೇಳಾಕ ನನಗ ನಾಚಿಕಿ ಬಂತು."

ಮೇಲಿನ ಸಾಲಿನ ಗಾಜಿನ ಮೇಲೆ, ಹೊರಗಡೆ, ಒಂದು ಹಳದಿ ಗುರುತು. ಅವಳ ಹಣೆಯ ಭಂಡಾರ, ದೇವರ ಅರಿಶಿನ.

24 ನವೆಂಬರ್

ಐದು ಗಾಜು ಒರೆಸಿದೆ.

2 ಡಿಸೆಂಬರ್

ಐದು. ಕಾಲೇಜಿನಲ್ಲಿ ಹುಡುಗರು ಕಥೆ ಕೇಳಿದರು. ಗಂಟಲು ನೋವು ಎಂದೆ.

14 ಡಿಸೆಂಬರ್, ರವಿವಾರ

ಮುಂಜಾನೆಯ ಬಸ್ಸಿಗೆ ಊರಿಗೆ ಹೋದೆ. ಮಹಾನಂದಾ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. "ಅಕಿ ಕಾಲ ಬೀಳ್ರಿ" ಎಂದಳು, ಅಷ್ಟೇ.

ನಮ್ಮ ಹಳೆಯ ಮನೆಯ ಕಡೆ ಹೋಗಲಿಲ್ಲ. ನೇರ ಕೇರಿಗೆ. ಐವತ್ತು ವರ್ಷದಲ್ಲಿ ಮೊದಲ ಸಲ ಅವಳ ಮನೆ ನೋಡಿದೆ. ಬಾಗಿಲು ತೆರೆದೇ ಇತ್ತು. ಅವಳು ಕಪ್ಪು ಕನ್ನಡಕ ಹಾಕಿಕೊಂಡು ಹೊಸಲ ಹತ್ತಿರ ಕೂತು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು.

"ಬಾರೋ ಶಂಭ್ಯಾ. ಒಳಗ ಬಾ."

ಒಳಗೆ ಬಾ. ಎಷ್ಟು ಸಲೀಸಾಗಿ ಅಂದಳು.

ಕಾಶಪ್ಪ ಚಾಪೆ ಹಾಸಿದ. "ಇಲಕಲ್ಲಾಗ ಲಗ್ನ ಚಲೋ ಆತೇನ್ರಿ ಸರ?" ನಾನು ಬಾಯಿ ತೆರೆಯುವ ಮೊದಲೇ ಅವಳು, "ಮೊದ್ಲ ಚಹಾಕ್ಕ ಹಾಲ ತಗೊಂಡ ಬಾ ಹೋಗೋ, ಲಗ್ನದ ಸುದ್ದಿ ಆಮ್ಯಾಲೆ ಕೇಳೀಯಂತ" ಎಂದು ಅವನನ್ನು ಎಬ್ಬಿಸಿದಳು.

"ಎಂಟ ದಿನಾ ಎಲ್ಲಿದ್ದಿ ಆಯಿ?"

"ಶಹರಬಾನು ಅಂತ. ದವಾಖಾನ್ಯಾಗ ಬಾಜೂ ಕಾಟಿನಾಕಿ. ತಮ್ಮ ಮನಿಗೆ ಕರಕೊಂಡ ಹೋದ್ಳು. ಗುರತಿಲ್ಲ ಪರಿಚಯಿಲ್ಲ. ದಿನಾ ಮೂರ ಸಲ ಕಣ್ಣಿಗಿ ಔಷಧಾ ಹಾಕಿದ್ಳು."

ನನ್ನ ತಲೆ ತನ್ನಷ್ಟಕ್ಕೇ ಬಗ್ಗಿತು. ಕಾಲು ಹಿಡಿಯಲು ಹೋದೆ. ಅವಳು ಕಾಲು ಮಡಚಿಕೊಂಡಳು.

"ಅದೆಲ್ಲಾ ಬ್ಯಾಡ. ನೀ ದೊಡ್ಡ ಕಥಿ ಮಾಸ್ತರ ಆಗಿಯಂತ. ನನಗ ಒಂದರೆ ಹೇಳಿಯೇನು? ಹೇಳು. ನಾ ಹ್ಞೂಂ ಅಂತೇನಿ."

ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ಕಣ್ಣು ತಿಳಿನೀರಿನ ಹಾಗೆ. ನನ್ನ ಮೇಲೇ.

"ಒಂದ ಊರಾಗ..." ಎಂದೆ. "ಒಂದ ಮನಿ ಇತ್ತು ಆಯಿ."

"ಹ್ಞೂಂ."

"ಆ ಮನಿ ಬಾಗಲಕ್ಕ ಆರ ಗಾಜು."

"ಹ್ಞೂಂ."

"ಒಂದಿನ ಸಂಜೀಮುಂದ ಒಬ್ಬಾಕಿ ಬಂದು ಹೆಸರ ಹಿಡದ ಕರದ್ಳು. ಒಳಗ ಒಬ್ಬಾವ ಇದ್ದ."

"ಹ್ಞೂಂ."

ಹಿತ್ತಲ ಕಡೆಯಿಂದ ಕಾಶಪ್ಪ ಹಾಲು ಹಿಡಿದು ಬರುವುದು ಕಂಡಿತು. ಅವಳಿಗೂ ಕಂಡಿತು. ಈ ಸಲ ಅವನನ್ನು ಎಲ್ಲಿಗೂ ಕಳಿಸಲಿಲ್ಲ. ಅವನೂ ಬಂದು ಕೂತ.

"ಹ್ಞೂಂ," ಎಂದಳು ಮತ್ತೊಮ್ಮೆ. "ಒಳಗ ಇದ್ದಾವ ಏನ ಮಾಡಿದಾ?"

ನಾನು ಕಾಶಪ್ಪನ ಕಡೆ ತಿರುಗಿ, "ಬಾಯಿ ಮ್ಯಾಲೆ ಬೆರಳ ಇಟ್ಟೆ" ಎಂದೆ.