ಆಯುಧಪೂಜೆಗೆ ಆರಿದ ಕಂಪ್ಯೂಟರ್

೧೮ ಅಕ್ಟೋಬರ್ ೧೯೯೯, ಸೋಮವಾರ. ಶಿಕಾರಿಪುರ.

ನಾನೂ ಸೊರಬದ ಮುಬೀನನೂ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮೆಕ್ಕೆಜೋಳದ ಧಾರಣೆಯ ವೆಬ್‌ಸೈಟ್ ನಮ್ಮ ಅಂಗಡಿಯ ಕಂಪ್ಯೂಟರಿನಲ್ಲೇ ಓಡುತ್ತಿತ್ತು. ವೆಬ್‌ಸೈಟ್ ಇಡಲು ಬೆಂಗಳೂರಿನ ಕಂಪನಿಯೊಂದರ ಕಂಪ್ಯೂಟರಿನಲ್ಲಿ ಬಾಡಿಗೆಗೆ ಜಾಗ ಸಿಗುತ್ತಿತ್ತು; ಕಣ್ಣೆದುರೇ ಇರಲಿ ಎಂದು ಹಟ ಹಿಡಿದವನು ನಾನು. ಸ್ಮಾಲ್‌ಟಾಕ್‌ನಲ್ಲಿ ಎಲ್ಲವೂ ಮೆಮೊರಿಯಲ್ಲೇ ಜೀವ ಹಿಡಿದಿರುತ್ತದೆ, ಸೇವ್ ಮಾಡದೆ ಆರಿಸಿದರೆ ಮುಗಿಯಿತು.

ಬೆಳಿಗ್ಗೆ ಅಂಗಡಿಗೆ ಹೋಗಿ ನೋಡಿದರೆ ಕಂಪ್ಯೂಟರಿಗೆ ವಿಭೂತಿ, ಚೆಂಡುಹೂವಿನ ಹಾರ. ಪರದೆ ಕಪ್ಪು. ಸೇವ್ ಮಾಡದೆ ಬಿಟ್ಟಿದ್ದ ವಾರದ ಧಾರಣೆಯೆಲ್ಲ ಮಾಯ!

"ವರ್ಷಕ್ಕೊಂದಿನ ಅದೂ ಸುಧಾರಿಸ್ಕಳ್ಲಿ ಅಂತ ನಾನೇ ಬಂದ್ ಮಾಡ್ದೆ ಕಣ್ರೀ" ಎಂದಳು ನನ್ನಾಕೆ ದಾಕ್ಷಾಯಣಿ.

ಕೂಡಲೇ ಬೆಂಗಳೂರಿನ ಆ ಕಂಪನಿಗೆ ಫೋನು ಮಾಡಿದೆ. ಇವತ್ತೇ ಜಾಗ ಕೊಡಿ ಎಂದೆ.

"ನಾಳಿದ್ದು ಫೋನ್ ಮಾಡಿ ಸಾರ್. ಪೂಜೆ ಅಲ್ವಾ, ಮೆಷಿನ್ ಎಲ್ಲಾ ಆಫ್ ಮಾಡಿ ಹಾರ ಹಾಕಿದೀವಿ."